ಮೋಡದ ಕೆಳಗಿನ ಮುನ್ನೂರು ಅಡಿ

ಈ ಸಲ ನಮ್ಮ ಎನ್‌ಎಸ್‌ಎಸ್ ಶಿಬಿರ ನಡೆದದ್ದು ಯಾದಗಿರಿ ಹತ್ತಿರದ ರಾಮಸಮುದ್ರದಲ್ಲಿ. ಶಾಲೆಯ ಅಂಗಳದಲ್ಲಿ ಮಕ್ಕಳನ್ನು ಕೂರಿಸಿಕೊಂಡು, ಕಾಗದದ ಪಟ್ಟಿ ಊದಿ, ವಿಮಾನ ಯಾಕೆ ಮೇಲೇಳುತ್ತದೆ ಅಂತ ತೋರಿಸುತ್ತಿದ್ದೆವು. ಏಳನೇ ಕ್ಲಾಸಿನ ಹುಡುಗನೊಬ್ಬ ಎದ್ದು ನಿಂತು ಕೇಳಿದ: "ಅಣ್ಣಾರ, ಮ್ಯಾಲ ಹೋಗೋದು ತಿಳೀತು. ಮಳಿ ಮೋಡದಾಗ ಹೊಕ್ಕರ ಇಳ್ಸಾವನಿಗಿ ನೆಲ ಹ್ಯಾಂಗ ಕಾಣ್ತದ?"

ಒಳ್ಳೆಯ ಪ್ರಶ್ನೆ. ಈಗಿನ ಉತ್ತರ ಎಲ್ಲರಿಗೂ ಗೊತ್ತು: ರೇಡಿಯೊ ಇದೆ, ಉಪಕರಣ ಇವೆ, ಕಂಪ್ಯೂಟರ್ ಇದೆ. ಆದರೆ ಅವು ಯಾವುದೂ ಇಲ್ಲದ ಕಾಲದಲ್ಲೂ ಜನ ಟಿಕೆಟ್ ತಗೊಂಡು ವಿಮಾನ ಹತ್ತುತ್ತಿದ್ದರು. ಅವರನ್ನು ಹೇಗೆ ಇಳಿಸುತ್ತಿದ್ದರು? ಇಳಿಸಲಾಗದೆ ಹೋದಾಗ ಏನಾಯಿತು? ಸಂಘದ ಮೂರು ಸಭೆ ಇದಕ್ಕೇ ಹೋಯಿತು. ಓದಿದ್ದು, ಲೆಕ್ಕ ಹಾಕಿದ್ದು ಇಲ್ಲಿ ಬರೆಯುತ್ತಿದ್ದೇವೆ. ಇಸಿ, ಮೆಕ್ಯಾನಿಕಲ್, ಸಿವಿಲ್, ಸಿಎಸ್ ನಾಲ್ಕೂ ಬ್ರಾಂಚಿಗೆ ಇದರಲ್ಲಿ ಸ್ವಲ್ಪ ಸ್ವಲ್ಪ ಪಾಲಿದೆ.

ಬಳ್ಳಾರಿಗೆ ಬಂದ ಅಂಚೆ ವಿಮಾನ

ಹುಡುಕಿಕೊಂಡು ದೂರ ಹೋಗಬೇಕಿಲ್ಲ, ಕಥೆ ನಮ್ಮ ಪಕ್ಕದಲ್ಲೇ ಶುರುವಾಗುತ್ತದೆ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಲ್ಲಿ ಅಂಚೆ ಚೀಲ ತುಂಬಿಕೊಂಡು, ಅಹಮದಾಬಾದಿನಲ್ಲಿ ಇಂಧನ ಹಾಕಿಸಿಕೊಂಡು, ಮುಂಬೈನ ಜುಹುವಿನಲ್ಲಿ ಇಳಿದರು. ಅಲ್ಲಿಂದ ಅಂಚೆಯನ್ನು ಮದ್ರಾಸಿಗೆ ಒಯ್ದವರು ನೆವಿಲ್ ವಿನ್ಸೆಂಟ್ ಎಂಬ ಬ್ರಿಟಿಷ್ ಪೈಲಟ್. ದಾರಿಯಲ್ಲಿ ಅವರು ರಾತ್ರಿ ತಂಗಿದ್ದು ಬಳ್ಳಾರಿಯಲ್ಲಿ. ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ನಮ್ಮ ಯಾದಗಿರಿ, ಶಹಾಪುರ, ಸುರಪುರ ನಿಜಾಮರ ಗುಲ್ಬರ್ಗಾ ಜಿಲ್ಲೆಯಲ್ಲಿದ್ದವು. ಏರ್ ಇಂಡಿಯಾದ ಬೇರು ಹುಡುಕಿದರೆ ಸಿಗುವ ಮೊದಲ ಹೆಸರುಗಳಲ್ಲಿ ಬಳ್ಳಾರಿಯೂ ಒಂದು ಅನ್ನೋದು ನಮ್ಮ ಕಡೆಯ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ.

ವಿಮಾನದ ಹೆಸರು ಪುಸ್ ಮಾತ್. ಒಂದೇ ಎಂಜಿನ್, ಗಂಟೆಗೆ ಸುಮಾರು 100 ಮೈಲಿ ವೇಗ. ರೇಡಿಯೊ ಇಲ್ಲ. ನೆಲದ ಮೇಲೂ ದಾರಿ ತೋರಿಸುವ ಸಾಧನ ಯಾವುದೂ ಇಲ್ಲ. ಮೊದಲ ವರ್ಷ ಅಂಚೆಯ ಜೊತೆಗೆ 155 ಪ್ರಯಾಣಿಕರೂ ಈ ಸೇವೆಯಲ್ಲಿ ಹೋಗಿಬಂದಿದ್ದಾರೆ.

ಮಳೆಗಾಲ ಬಂತು ಅಂದರೆ ಮೊದಲ ತೊಂದರೆ ಜುಹುವಿನಲ್ಲೇ. ಅದು ಸಮುದ್ರದ ಪಕ್ಕದ ಕೆಸರು ಬಯಲು. ಮಳೆ ಮತ್ತು ಉಬ್ಬರ ಸೇರಿದರೆ ನೆಲವೇ ನೀರೊಳಗೆ. ಟಾಟಾದವರು ಏನು ಮಾಡಿದರು ಗೊತ್ತಾ? ಗಂಟುಮೂಟೆ ಕಟ್ಟಿಕೊಂಡು ಪುಣೆಗೆ ಹೋದರು. ಎರಡು ವಿಮಾನ, ಮೂವರು ಪೈಲಟ್‌ಗಳು, ಮೂವರು ಮೆಕ್ಯಾನಿಕ್‌ಗಳು, ಇಷ್ಟೇ ಕಂಪನಿ. ಯೆರವಾಡ ಜೈಲಿನ ಪಕ್ಕದ ಬಯಲೇ ಅವರ ಮಳೆಗಾಲದ ನಿಲ್ದಾಣ. ನಮಗೆ ಇಡೀ ಕಥೆಯಲ್ಲಿ ತುಂಬಾ ಹಿಡಿಸಿದ್ದು ಇದು. ಹವಾಮಾನದ ಜೊತೆ ಕುಸ್ತಿ ಹಿಡಿಯುವ ಬದಲು, ಇಳಿಯಲಾಗದ ಕಡೆ ಇಳಿಯೋದು ಬೇಡ ಅಂತ ಮೊದಲೇ ತೀರ್ಮಾನ ಮಾಡಿದ್ದರು.

ಆದರೆ ಪುಣೆಯಿಂದ ಬಳ್ಳಾರಿಗೆ ಬರುವ ದಾರಿ? ಒಂದು ಲೆಕ್ಕ ಹಾಕೋಣ. ಎರಡರ ನಡುವೆ ನೇರ ಅಂತರ ಸುಮಾರು 500 ಕಿಲೋಮೀಟರ್, ಅಂದರೆ 310 ಮೈಲಿ. 100 ಮೈಲಿ ವೇಗದಲ್ಲಿ ಮೂರು ಗಂಟೆಯ ಹಾರಾಟ. ದಿಕ್ಕು ಹೆಚ್ಚುಕಡಿಮೆ ಆಗ್ನೇಯ. ಮುಂಗಾರಿನ ಗಾಳಿ ಬರುವುದು ನೈಋತ್ಯದಿಂದ, ಅಂದರೆ ಸರಿಯಾಗಿ ಬಲ ಪಕ್ಕದಿಂದ. ಆ ಗಾಳಿ ಗಂಟೆಗೆ ಬರೀ 15 ಮೈಲಿ ಅಂತ ಇಟ್ಟುಕೊಳ್ಳಿ. ಪೈಲಟ್ ಅದನ್ನು ಲೆಕ್ಕಕ್ಕೆ ತಗೊಳ್ಳದೆ ದಿಕ್ಸೂಚಿ ಮುಳ್ಳು ನೋಡಿಕೊಂಡೇ ಬಂದರೆ ಮೂರು ಗಂಟೆಯಲ್ಲಿ 45 ಮೈಲಿ, ಅಂದರೆ 72 ಕಿಲೋಮೀಟರ್ ಎಡಕ್ಕೆ ಸರಿದಿರುತ್ತಾನೆ. ನಕ್ಷೆ ತೆಗೆದು ನೋಡಿ: ಬಳ್ಳಾರಿ ಕೋಟೆ ಗುಡ್ಡ ಕಾಣಬೇಕಾದಲ್ಲಿ ಆದೋನಿ ಕಡೆಯ ಹೊಲ ಕಾಣುತ್ತವೆ. (ಇನ್ನು ಸ್ವಲ್ಪ ಜೋರು ಗಾಳಿ ಬೀಸಿದರೆ ಮಂತ್ರಾಲಯದ ರಾಯರ ದರ್ಶನವೇ ಆಗಬಹುದಿತ್ತು.)

ನೆಲ ಕಾಣುತ್ತಿದ್ದರೆ ಈ ತಪ್ಪು ತಿದ್ದಿಕೊಳ್ಳಬಹುದು. ನದಿ, ಕೆರೆ, ಗುಡ್ಡ ಗುರುತು ಹಿಡಿಯಬಹುದು. ಆ ಕಾಲದ ಪೈಲಟ್‌ಗಳಿಗೆ ರೈಲು ಹಳಿ ಅಂದರೆ ದೇವರು. ಎಷ್ಟೋ ಜನ ಹಳಿಯ ಮೇಲೇ ಹಾರುತ್ತಿದ್ದರು. ನೆಲ ಕಾಣಬೇಕು ಅಂದರೆ ಮೋಡದ ಕೆಳಗೇ ಇರಬೇಕು. ಮೋಡ ಕೆಳಗಿಳಿದಂತೆ ವಿಮಾನವೂ ಕೆಳಗಿಳಿಯಬೇಕು. ಸಹ್ಯಾದ್ರಿಯಲ್ಲಿ ಮೋಡ ಬೆಟ್ಟದ ಮೇಲೆಯೇ ಕೂತಿರುತ್ತದೆ. ಆಗ ಮೋಡಕ್ಕೂ ನೆಲಕ್ಕೂ ನಡುವೆ ಹಾದುಹೋಗಲು ಜಾಗವೇ ಉಳಿಯುವುದಿಲ್ಲ.

ನೂರಕ್ಕೆ ನೂರು

ಹೀಗಿದ್ದರೂ ಟಾಟಾ ಸೇವೆ ಮೊದಲ ವರ್ಷ ನೂರಕ್ಕೆ ನೂರು ಸಮಯಕ್ಕೆ ಸರಿಯಾಗಿ ನಡೆಯಿತು. ಆಗಿನ ನಾಗರಿಕ ವಿಮಾನಯಾನ ಇಲಾಖೆ ತನ್ನ ವರದಿಯಲ್ಲಿ, ಮುಂಗಾರಿನಲ್ಲಿ ಪಶ್ಚಿಮ ಘಟ್ಟದ ಮೇಲಿನ ಅಪಾಯದ ನಡುವೆಯೂ ಹೊತ್ತು ತಪ್ಪಲಿಲ್ಲ ಅಂತ ಹೊಗಳಿ ಬರೆಯಿತು. ಆ ಪೈಲಟ್‌ಗಳ ಕೈಚಳಕದ ಬಗ್ಗೆ ಎರಡು ಮಾತಿಲ್ಲ. ನಾವು ಕೇಳಿಕೊಂಡ ಪ್ರಶ್ನೆ ಬೇರೆ: ಒಂದು ವರ್ಷ ಅಪಘಾತ ಆಗಲಿಲ್ಲ ಅಂದರೆ ದಾರಿ ಸುರಕ್ಷಿತ ಅಂತ ಹೇಳಬಹುದಾ?

ಸೇವೆ ವಾರಕ್ಕೊಮ್ಮೆ ಇತ್ತು. ಹೋಗುವುದು, ಬರುವುದು ಸೇರಿ ವರ್ಷಕ್ಕೆ 104 ಪ್ರಯಾಣ. ಪ್ರತಿ ಪ್ರಯಾಣದಲ್ಲೂ ಅಪಘಾತದ ಸಾಧ್ಯತೆ ನೂರಕ್ಕೆ ಒಂದು ಇತ್ತು ಅಂತ ಊಹಿಸಿ. ಇವತ್ತಿನ ಲೆಕ್ಕದಲ್ಲಿ ಅದು ಭಯಂಕರ ಸಂಖ್ಯೆ. ಅಂಥ ಬಸ್ಸನ್ನೂ ಯಾರೂ ಹತ್ತಲ್ಲ. ಆದರೂ ಒಂದೂ ಅಪಘಾತ ಇಲ್ಲದೆ ವರ್ಷ ಕಳೆಯುವ ಸಾಧ್ಯತೆ ಎಷ್ಟು? 0.99 ಅನ್ನು 104 ಸಲ ಗುಣಿಸಿ. ಸುಮಾರು 0.35 ಬರುತ್ತದೆ. ಅಂದರೆ ಅಷ್ಟು ಅಪಾಯದ ದಾರಿಯಲ್ಲೂ ಮೂರರಲ್ಲಿ ಒಂದು ಸಲ "ನೂರಕ್ಕೆ ನೂರು" ವರದಿ ಬರೆಯಬಹುದು. ಮೂರನೇ ಸೆಮಿಸ್ಟರಿನ ಪ್ರಾಬಬಿಲಿಟಿ ಪಾಠ ಇಲ್ಲಿ ಕೆಲಸಕ್ಕೆ ಬಂತು ನೋಡಿ.

ಈ ಲೆಕ್ಕ ತಲೆಯಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕಿವಿ ಹೇಳುವ ಸುಳ್ಳು

ಮೋಡದೊಳಗೆ ಹೊಕ್ಕ ಪೈಲಟ್‌ಗೆ ನೆಲ ಕಾಣದಿದ್ದರೆ ಏನು, ವಿಮಾನ ಓರೆಯಾದರೆ ಮೈಗೆ ಗೊತ್ತಾಗಲ್ವಾ ಅಂತ ನಮ್ಮಲ್ಲೇ ಒಬ್ಬರು ವಾದ ಮಾಡಿದರು. ಪರೀಕ್ಷೆ ಸುಲಭ. ಲ್ಯಾಬಿನ ತಿರುಗುವ ಕುರ್ಚಿಯಲ್ಲಿ ಒಬ್ಬರನ್ನು ಕಣ್ಣು ಕಟ್ಟಿ ಕೂರಿಸಿ, ನಿಧಾನವಾಗಿ ಒಂದೇ ವೇಗದಲ್ಲಿ ತಿರುಗಿಸುತ್ತಾ ಇರಿ. ಇಪ್ಪತ್ತು ಸೆಕೆಂಡಿನ ಹೊತ್ತಿಗೆ "ನಿಂತಿತು" ಅಂತಾರೆ, ಕುರ್ಚಿ ತಿರುಗುತ್ತಲೇ ಇರುತ್ತದೆ. ಈಗ ಕುರ್ಚಿ ನಿಲ್ಲಿಸಿ. "ಉಲ್ಟಾ ತಿರುಗಿಸ್ತಿದೀರಿ" ಅಂತಾರೆ! ಕಿವಿಯೊಳಗಿನ ಅರ್ಧವೃತ್ತ ನಾಳಗಳ ದ್ರವ, ತಿರುಗುವ ವೇಗ ಬದಲಾದಾಗ ಮಾತ್ರ ಸುದ್ದಿ ಕೊಡುತ್ತದೆ. ಒಂದೇ ವೇಗಕ್ಕೆ ಬಂದ ಮೇಲೆ ಸುಮ್ಮನಾಗಿಬಿಡುತ್ತದೆ.

ಮೋಡದಲ್ಲಿ ಆಗುವುದೂ ಇದೇ. ವಿಮಾನ ನಿಧಾನಕ್ಕೆ ಒಂದು ಕಡೆ ವಾಲಿ ಸುತ್ತಲು ಶುರು ಮಾಡಿದರೆ ಮೈ "ನೆಟ್ಟಗಿದ್ದೀವಿ" ಅನ್ನುತ್ತದೆ. ಎತ್ತರ ಕಡಿಮೆಯಾಗುತ್ತಿದೆ ಅಂತ ಪೈಲಟ್ ಹಿಡಿಕೆ ಎಳೆದರೆ ಸುತ್ತು ಇನ್ನೂ ಬಿಗಿಯಾಗುತ್ತದೆ. ಅನುಭವ ಎಷ್ಟಿದ್ದರೂ ಕಿವಿ ಬದಲಾಗಲ್ಲ.

ಇದಕ್ಕೆ ಉತ್ತರ ಸಿಕ್ಕಿದ್ದು 1929ರ ಸೆಪ್ಟೆಂಬರ್ 24ರಂದು, ನ್ಯೂಯಾರ್ಕ್ ಹತ್ತಿರದ ಮಿಚೆಲ್ ಫೀಲ್ಡ್‌ನಲ್ಲಿ. ಜೇಮ್ಸ್ ಡೂಲಿಟಲ್ ಎಂಬ ಪೈಲಟ್ ತನ್ನ ಆಸನವನ್ನು ಪೂರ್ತಿ ಮುಚ್ಚಿಸಿಕೊಂಡು, ಹೊರಗೆ ಏನೂ ನೋಡದೆ ಮೇಲೇರಿ, ಸುತ್ತು ಹೊಡೆದು, ಇಳಿದರು. ತುರ್ತಿಗೆ ಅಂತ ಮುಂದಿನ ಸೀಟಿನಲ್ಲಿ ಇನ್ನೊಬ್ಬ ಪೈಲಟ್ ಇದ್ದರು. ಡೂಲಿಟಲ್ ನೆಚ್ಚಿದ್ದು ರೇಡಿಯೊ ಸಂಕೇತವನ್ನು, ಸ್ಪೆರಿ ಕಂಪನಿಯ ಎರಡು ಗೈರೊಸ್ಕೋಪ್ ಉಪಕರಣಗಳನ್ನು ಮತ್ತು ಪಾಲ್ ಕೋಲ್ಸ್‌ಮನ್ ತಯಾರಿಸಿದ ಸೂಕ್ಷ್ಮ ಆಲ್ಟಿಮೀಟರನ್ನು. ತಂತ್ರಜ್ಞಾನ 1929ರಲ್ಲೇ ಇತ್ತು ಅಂದಹಾಗಾಯಿತು. ಅದು ಎಲ್ಲ ಪ್ರಯಾಣಿಕ ವಿಮಾನಗಳಿಗೆ, ಎಲ್ಲ ನಿಲ್ದಾಣಗಳಿಗೆ ತಲುಪಲು ವರ್ಷಗಳು ಹಿಡಿದವು. ಅಪಘಾತಗಳ ದೊಡ್ಡ ಪಾಲು ಆ ನಡುವಿನ ವರ್ಷಗಳದ್ದು.

ವಾಯುಭಾರ ಕುಸಿತ ಅಂದರೆ

ಆಲ್ಟಿಮೀಟರ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಯಾಕಂದ್ರೆ ಇದರ ತಪ್ಪು ಕಣ್ಣಿಗೆ ಕಾಣಲ್ಲ. ಆಲ್ಟಿಮೀಟರ್ ಎತ್ತರವನ್ನು ಅಳೆಯುವುದೇ ಇಲ್ಲ. ಅದು ಅಳೆಯುವುದು ಗಾಳಿಯ ಒತ್ತಡವನ್ನು. ಮುಖದ ಮೇಲೆ ಮಾತ್ರ ಅಡಿಯ ಗೆರೆ ಬರೆದಿರುತ್ತಾರೆ. ಮೇಲೆ ಹೋದಂತೆ ಒತ್ತಡ ಕಡಿಮೆ. ಸಮುದ್ರ ಮಟ್ಟದ ಹತ್ತಿರ ಒಂದು ಹೆಕ್ಟೋಪಾಸ್ಕಲ್ ಕಡಿಮೆಯಾದರೆ ಸುಮಾರು 27 ಅಡಿ ಮೇಲೇರಿದಂತೆ ಲೆಕ್ಕ.

ನಿಮ್ಮ ಫೋನಿನಲ್ಲಿ ಬ್ಯಾರೊಮೀಟರ್ ಇದ್ದರೆ ಈಗಲೇ ನೋಡಬಹುದು. ಯಾದಗಿರಿ ಸೀಮೆ ಸಮುದ್ರ ಮಟ್ಟದಿಂದ 400 ಮೀಟರಿಗೆ ಹತ್ತಿರ. ಹಾಗಾಗಿ ರಾಮಸಮುದ್ರದಲ್ಲಿ ಫೋನ್ 965ರ ಆಸುಪಾಸು ತೋರಿಸುತ್ತದೆ, 1013 ಅಲ್ಲ. ಹಾಸ್ಟೆಲಿನ ನೆಲಮಹಡಿಯಿಂದ ಹನ್ನೆರಡು ಮೀಟರ್ ಮೇಲಿನ ಮಹಡಿಗೆ ಹತ್ತಿ ನೋಡಿ, ಸುಮಾರು 1.4 ಹೆಕ್ಟೋಪಾಸ್ಕಲ್ ಇಳಿಯುತ್ತದೆ. ಅಷ್ಟು ಚುರುಕು.

ಈಗ ನಮ್ಮ ಪತ್ರಿಕೆಗಳ ಮಳೆಗಾಲದ ಹೆಡ್‌ಲೈನ್ ನೆನಪಿಸಿಕೊಳ್ಳಿ: ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ. ಓದಿದ ಕೂಡಲೇ ನಮಗೆ ಮಳೆ, ತೊಗರಿ, ಹತ್ತಿ ನೆನಪಾಗುತ್ತವೆ. ಆಲ್ಟಿಮೀಟರ್‌ಗೆ ನೆನಪಾಗುವುದೇ ಬೇರೆ. ಹೊರಟ ಊರಿನಲ್ಲಿ ಒತ್ತಡ ನೋಡಿ ಅದನ್ನು ಹೊಂದಿಸಿದ್ದಾರೆ. ಇಳಿಯುವ ಊರಿನಲ್ಲಿ ವಾಯುಭಾರ 10 ಹೆಕ್ಟೋಪಾಸ್ಕಲ್ ಕುಸಿದಿದೆ. ಉಪಕರಣ ಆ ಕುಸಿತವನ್ನೇ ಎತ್ತರ ಅಂತ ತಿಳಿದು 270 ಅಡಿ ಹೆಚ್ಚಿಗೆ ತೋರಿಸುತ್ತದೆ. ಮುಳ್ಳು 300 ಅಡಿ ಅನ್ನುವಾಗ ಚಕ್ರದ ಕೆಳಗೆ ಇರುವುದು 30 ಅಡಿ. ಹವಾಮಾನ ಕೆಟ್ಟಾಗಲೇ ಒತ್ತಡ ಬೀಳುವುದು, ನೆಲ ಕಾಣದಿರುವುದೂ ಆಗಲೇ. ಎರಡೂ ಒಟ್ಟಿಗೇ ಬರುತ್ತವೆ, ಅದೇ ಇದರ ಕೇಡು.

ಕೋಲ್ಸ್‌ಮನ್ ಉಪಕರಣದಲ್ಲಿ ಒಂದು ಸಣ್ಣ ಕಿಟಕಿ, ಒಂದು ತಿರುಗಣೆ ಇತ್ತು. ಇಳಿಯುವ ಊರಿನ ಒತ್ತಡವನ್ನು ರೇಡಿಯೊದಲ್ಲಿ ಕೇಳಿಕೊಂಡು ತಿರುಗಣೆಯಲ್ಲಿ ಹೊಂದಿಸಬಹುದು. ಇವತ್ತಿಗೂ ಪ್ರತಿ ವಿಮಾನ ಇಳಿಯುವ ಮೊದಲು ಈ ಕೆಲಸ ನಡೆಯುತ್ತದೆ. ಗಮನಿಸಿ: ರೇಡಿಯೊ ಇಲ್ಲದಿದ್ದರೆ ತಿರುಗಣೆ ಇದ್ದೂ ಉಪಯೋಗವಿಲ್ಲ. ಒಂದು ಸಾಧನ ಇನ್ನೊಂದಕ್ಕೆ ಕಾಯುತ್ತಿತ್ತು.

ಕೊನೆಯ ಹತ್ತು ನಿಮಿಷ

ಆ ಕಾಲದ ಹವಾಮಾನದ ಅಪಘಾತಗಳಲ್ಲಿ ಒಂದು ನಮೂನೆ ಮತ್ತೆ ಮತ್ತೆ ಕಾಣುತ್ತದೆ. ವಿಮಾನ ಗಟ್ಟಿಯಾಗಿಯೇ ಇರುತ್ತದೆ, ಎಂಜಿನ್ ಓಡುತ್ತಿರುತ್ತದೆ. ಊರು ಬಂದಿರುತ್ತದೆ. ಕೆಳಗೆ ಮಂಜು. ಸುತ್ತು ಹೊಡೆಯುತ್ತಾ ಇಂಧನ ಮುಗಿಯುತ್ತಾ ಬರುತ್ತದೆ.

1935ರ ಮೇ 6ರಂದು ಅಮೆರಿಕದ ಟಿಡಬ್ಲ್ಯೂಎ ಕಂಪನಿಯ ಡಿಸಿ-2 ವಿಮಾನಕ್ಕೆ ಆದದ್ದು ಇದೇ. ಕಾನ್ಸಸ್ ಸಿಟಿಯಲ್ಲಿ ಮೋಡ ತೀರ ಕೆಳಗಿದ್ದು ಇಳಿಯಲಾಗಲಿಲ್ಲ. ಬೇರೆ ಬಯಲಿನ ಕಡೆ ತಿರುಗಿದರು. ಇಂಧನ ಕಡಿಮೆ, ಕೆಳಗೆ ಮಂಜು. ನೆಲ ಹುಡುಕುತ್ತಾ ಕೆಳಗಿಳಿದ ವಿಮಾನ ಮಿಸೌರಿಯ ಹೊಲಕ್ಕೆ ಬಡಿಯಿತು. ಸತ್ತ ಐವರಲ್ಲಿ ಸೆನೆಟರ್ ಬ್ರಾನ್ಸನ್ ಕಟಿಂಗ್ ಒಬ್ಬರು. ಸೆನೆಟರ್ ಸತ್ತರು ಅಂದ ಮೇಲೆ ಸೆನೆಟ್ ವಿಚಾರಣೆ ಶುರುವಾಯಿತು. ವಿಮಾನಯಾನದ ಮೇಲ್ವಿಚಾರಣೆಯನ್ನೇ ಬದಲಿಸಿದ 1938ರ ಕಾಯ್ದೆಗೆ ಅದು ದಾರಿ ಮಾಡಿತು. ಅಂಚೆ ಪೈಲಟ್‌ಗಳು ಸಾಯುತ್ತಿದ್ದಾಗ ಇಷ್ಟು ಚುರುಕು ಇರಲಿಲ್ಲ ಅಂತ ಹೇಳದೆ ಇರಲಾಗದು.

1946ರ ಕ್ರಿಸ್‌ಮಸ್ ರಾತ್ರಿ ಶಾಂಘೈಯದ್ದು ಇನ್ನೂ ಘೋರ. ಮಂಜಿನಲ್ಲಿ ಇಳಿಯಲು ನೋಡಿ ಒಂದೇ ರಾತ್ರಿ ಮೂರು ಪ್ರಯಾಣಿಕ ವಿಮಾನ ಬಿದ್ದವು. 60ಕ್ಕೂ ಹೆಚ್ಚು ಜನ ಸತ್ತರು.

ಅಷ್ಟರಲ್ಲಿ ಪರಿಹಾರ ಬಂದಾಗಿತ್ತು. 1938ರ ಜನವರಿ 26ರಂದು ವಾಷಿಂಗ್ಟನ್‌ನಿಂದ ಪಿಟ್ಸ್‌ಬರ್ಗಿಗೆ ಹೋದ ಬೋಯಿಂಗ್ 247 ಪ್ರಯಾಣಿಕ ವಿಮಾನ ಹಿಮಗಾಳಿಯಲ್ಲಿ ಐಎಲ್‌ಎಸ್ ನೆಚ್ಚಿಕೊಂಡೇ ಇಳಿದಿತ್ತು. ಇಸಿಯವರಿಗೆ ಇದು ಹಬ್ಬದೂಟ. ರನ್‌ವೇಯ ಆ ತುದಿಯಲ್ಲಿರುವ ಆಂಟೆನಾ ಎರಡು ಸ್ವರ ಹೊತ್ತ ಅಲೆ ಕಳಿಸುತ್ತದೆ, ಒಂದು 90 ಹರ್ಟ್ಸ್, ಇನ್ನೊಂದು 150. ನೇರ ಬರುತ್ತಿದ್ದರೆ ಎರಡೂ ಸಮ. ಎಡಕ್ಕೆ ಸರಿದರೆ 90 ಜೋರು, ಬಲಕ್ಕೆ ಸರಿದರೆ 150 ಜೋರು. ಮುಳ್ಳು ತೋರಿಸುವುದು ಈ ಎರಡರ ವ್ಯತ್ಯಾಸವನ್ನು. ಎತ್ತರಕ್ಕೂ ಇದೇ ಉಪಾಯ: ಇನ್ನೊಂದು ಆಂಟೆನಾ ಮೂರು ಡಿಗ್ರಿಯ ಇಳಿಜಾರನ್ನು ಗಾಳಿಯಲ್ಲೇ ಬರೆಯುತ್ತದೆ, ಮೇಲಿದ್ದರೆ 90, ಕೆಳಗಿದ್ದರೆ 150. ಆಂಪ್ಲಿಟ್ಯೂಡ್ ಮಾಡ್ಯುಲೇಶನ್ ಯಾಕೆ ಓದಬೇಕು ಅಂತ ಕೇಳುವ ಗೆಳೆಯರಿಗೆ ಇದನ್ನು ಓದಿ ಹೇಳಿ.

ಐಎಲ್‌ಎಸ್ ಜೊತೆಗೆ ಒಂದು ನಿಯಮವೂ ಗಟ್ಟಿಯಾಯಿತು. ಸಾಮಾನ್ಯ ದರ್ಜೆಯ ಐಎಲ್‌ಎಸ್‌ನಲ್ಲಿ 200 ಅಡಿಗೆ ಬರುವಷ್ಟರಲ್ಲಿ ರನ್‌ವೇಯ ದೀಪವೋ ಗುರುತೋ ಕಾಣಬೇಕು. ಕಾಣದಿದ್ದರೆ ಎಂಜಿನ್ ಪೂರ್ತಿ ಕೊಟ್ಟು ಮೇಲೇಳಬೇಕು. ಇದಕ್ಕೇ 'ಗೋ ಅರೌಂಡ್' ಅನ್ನುವುದು. "ಇನ್ನೊಂದು ಚೂರು ಇಳಿದು ನೋಡೋಣ" ಅನ್ನುವ ಮನಸ್ಸಿಗೆ ಅಲ್ಲಿ ಬೀಗ.

ನೀಲಗಿರಿಯಲ್ಲಿ ಅಬ್ರಹಾಂ ವಾಲ್ಡ್

ಎರಡನೇ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯ ಡಕೋಟಾಗಳು, ಅಂದರೆ ಡಿಸಿ-3 ವಿಮಾನಗಳು, ಅಗ್ಗಕ್ಕೆ ಸಿಕ್ಕಿದವು. ಭಾರತದ ತುಂಬ ಹೊಸ ಕಂಪನಿಗಳು ಹುಟ್ಟಿದವು. ಹೈದರಾಬಾದಿನಲ್ಲಿ ನಿಜಾಮ್ ಸರ್ಕಾರ ಮತ್ತು ಟಾಟಾ ಸೇರಿ ಡೆಕ್ಕನ್ ಏರ್‌ವೇಸ್ ಕಟ್ಟಿದರು. ಆ ಪೀಳಿಗೆಯ ವಿಮಾನಗಳ ದೊಡ್ಡ ಆಸರೆ ನೆಲದ ರೇಡಿಯೊ ಕೇಂದ್ರದತ್ತ ತಿರುಗುವ ಒಂದು ಮುಳ್ಳು. ಅದು ದಿಕ್ಕು ಹೇಳುತ್ತದೆ, ಅಷ್ಟೇ. ಎಷ್ಟು ದೂರ ಅಂತ ಹೇಳಲ್ಲ, ನಡುವೆ ಬೆಟ್ಟ ಇದೆಯಾ ಅಂತಲೂ ಹೇಳಲ್ಲ. ಸಾಲದ್ದಕ್ಕೆ ಸಿಡಿಲು ಕೂಡ ಒಂದು ರೇಡಿಯೊ ಕೇಂದ್ರವೇ. ಗುಡುಗಿನ ಮೋಡ ಹತ್ತಿರ ಬಂದರೆ ಮುಳ್ಳು ನಿಲ್ದಾಣ ಬಿಟ್ಟು ಸಿಡಿಲಿನ ಕಡೆ ತಿರುಗುತ್ತದೆ.

1950ರ ಡಿಸೆಂಬರ್ 13ರಂದು ಏರ್ ಇಂಡಿಯಾದ ಡಕೋಟಾ, ವಿಟಿ-ಸಿಎಫ್‌ಕೆ, ನೀಲಗಿರಿಯ ಉತ್ತರ ಭಾಗದಲ್ಲಿ ರಂಗಸ್ವಾಮಿ ಕಂಬದ ಹತ್ತಿರ ಬಿತ್ತು. ಕೋಟಗಿರಿ ಕಡೆಯ ಜಾಗ ಅದು, ನಮ್ಮ ಚಾಮರಾಜನಗರ ಗಡಿಯ ಆಚೆಗಿನ ಬೆಟ್ಟಸಾಲು. ಅದರಲ್ಲಿ ಅಬ್ರಹಾಂ ವಾಲ್ಡ್ ಮತ್ತು ಅವರ ಹೆಂಡತಿ ಇದ್ದರು. ಭಾರತ ಸರ್ಕಾರದ ಆಹ್ವಾನದ ಮೇಲೆ ಉಪನ್ಯಾಸ ಕೊಡಲು ಬಂದಿದ್ದ ವಾಲ್ಡ್‌ಗೆ ಆಗ 48 ವರ್ಷ.

ಸಿಎಸ್‌ನವರು ಈ ಹೆಸರು ಕೇಳಿರುತ್ತೀರಿ. ಮೈತುಂಬ ಕೆಂಪು ಚುಕ್ಕಿ ಇರುವ ವಿಮಾನದ ಚಿತ್ರ ವಾಟ್ಸ್ಆ್ಯಪಿನಲ್ಲಿ ಓಡಾಡುತ್ತದಲ್ಲ, ಅದರ ಹಿಂದಿನ ವಿಚಾರ ಇವರದ್ದು. (ಚಿತ್ರ ಮಾತ್ರ ಎಷ್ಟೋ ವರ್ಷದ ಮೇಲೆ ಬೇರೆಯವರು ಬರೆದದ್ದು.) ಯುದ್ಧದ ಕಾಲದಲ್ಲಿ ವಾಪಸ್ ಬಂದ ವಿಮಾನಗಳ ಮೇಲಿನ ಗುಂಡಿನ ತೂತು ನೋಡಿ ಎಲ್ಲಿ ಗಟ್ಟಿ ಮಾಡಬೇಕು ಅಂತ ಲೆಕ್ಕ ಹಾಕುವ ಕೆಲಸ. ವಾಲ್ಡ್ ತೋರಿಸಿದ್ದು ಇಷ್ಟು: ನೀವು ನೋಡುತ್ತಿರುವುದು ಬದುಕಿ ಬಂದ ವಿಮಾನಗಳನ್ನು ಮಾತ್ರ. ಬಾರದೆ ಹೋದ ವಿಮಾನಗಳಿಗೆ ಎಲ್ಲಿ ಏಟು ಬಿತ್ತು ಅನ್ನುವುದು ಈ ತೂತುಗಳು ಎಲ್ಲಿ ಇಲ್ಲವೋ ಅಲ್ಲಿಂದ ತಿಳಿಯಬೇಕು.

ಈಗ 1933ರ "ನೂರಕ್ಕೆ ನೂರು" ವರದಿಗೆ ವಾಪಸ್ ಬನ್ನಿ. ಮೋಡ ಹಾಯ್ದು ಸಮಯಕ್ಕೆ ಸರಿಯಾಗಿ ಇಳಿದ ಪ್ರತಿ ವಿಮಾನವೂ ಬದುಕಿ ಬಂದ ವಿಮಾನವೇ. ಅವರ ಅನುಭವ ಕೇಳಿದರೆ "ಇನ್ನೊಂದು ಚೂರು ಇಳಿದೆ, ರನ್‌ವೇ ಕಂಡಿತು" ಅನ್ನುತ್ತಾರೆ. ಸುಳ್ಳಲ್ಲ. ಇನ್ನೊಂದು ಚೂರು ಇಳಿದು ರನ್‌ವೇ ಕಾಣದವರು ಆ ಸಭೆಯಲ್ಲಿ ಮಾತಾಡಲು ಇರುವುದಿಲ್ಲ. ಪೈಲಟ್‌ಗಳ ಒಂದು ಪೀಳಿಗೆ ಇಂಥ ಅನುಭವದಿಂದಲೇ ಪಾಠ ಕಲಿಯಿತು. ಪ್ರತಿ ಅಪಘಾತವನ್ನೂ ತನಿಖೆ ಮಾಡಿ ಬರೆದಿಡುವ ಪದ್ಧತಿಗೆ ಬೆಲೆ ಇರುವುದು ಇಲ್ಲಿ: ಬಾರದೆ ಹೋದವರ ಪಾಲಿನ ಮಾಹಿತಿ ಸಿಗುವುದು ಅದರಿಂದಲೇ.

ನೆಲ ಕಂಡ ಮೇಲೆ

ಮೋಡ ದಾಟಿ ನೆಲ ಕಂಡರೆ ಮುಗಿಯಿತಾ? ಮಂಗಳೂರಿನವರನ್ನು ಕೇಳಿ. ಬಜ್ಪೆಯ ನಿಲ್ದಾಣ ಶುರುವಾದದ್ದು 1951ರ ಡಿಸೆಂಬರ್ 25ರಂದು, ನೆಹರೂ ಡಕೋಟಾದಲ್ಲಿ ಬಂದಿಳಿದರು. ಗುಡ್ಡದ ತಲೆ ಸಮ ಮಾಡಿ ಹಾಕಿದ ರನ್‌ವೇ, ಉದ್ದ 1,615 ಮೀಟರ್. ಮಳೆಯೋ ಕರಾವಳಿಯ ಮಳೆ. 1981ರ ಆಗಸ್ಟ್ 19ರಂದು ಇಂಡಿಯನ್ ಏರ್‌ಲೈನ್ಸ್‌ನ ಆವ್ರೊ 748 ಒದ್ದೆ ರನ್‌ವೇಯಲ್ಲಿ ಇಳಿದು, ನಿಲ್ಲದೆ ತುದಿ ದಾಟಿ ಸ್ವಲ್ಪದರಲ್ಲಿ ನಿಂತಿತು. ಆಗಿನ ರಾಜ್ಯದ ಹಣಕಾಸು ಮಂತ್ರಿ ವೀರಪ್ಪ ಮೊಯಿಲಿ ಅದರಲ್ಲಿದ್ದರು. ಯಾರೂ ಸಾಯಲಿಲ್ಲ, ವಿಮಾನ ಮಾತ್ರ ಮತ್ತೆ ಹಾರಲಿಲ್ಲ.

ಆ ಉದ್ದದ ರನ್‌ವೇ ಇಟ್ಟುಕೊಂಡು ನಾವು ಒಂದು ಕಾಲ್ಪನಿಕ ವಿಮಾನಕ್ಕೆ ಲೆಕ್ಕ ಹಾಕಿದೆವು. ವಿಮಾನ ರನ್‌ವೇಯ ಅಂಚನ್ನು 50 ಅಡಿ ಎತ್ತರದಲ್ಲಿ ದಾಟಿ ಮೂರು ಡಿಗ್ರಿಯಲ್ಲಿ ಇಳಿದರೆ 291 ಮೀಟರ್ ಒಳಗೆ ನೆಲ ಮುಟ್ಟುತ್ತದೆ. ಒದ್ದೆ ನೆಲದಲ್ಲಿ ನಿಲ್ಲಲು 1,000 ಮೀಟರ್ ಬೇಕು ಅಂತಿರಲಿ. ಒಟ್ಟು 1,291. ಆರಾಮು. ಈಗ 50ರ ಬದಲು 100 ಅಡಿಯಲ್ಲಿ ದಾಟಿದರೆ? 582 ಕೂಡಿಸು 1,000, ಒಟ್ಟು 1,582. ಎದೆ ಢವಢವ, ಆದರೂ ನಿಂತಿತು. ಎತ್ತರ ಸರಿ ಇದ್ದು, ಹಿಂದಿನಿಂದ ಗಾಳಿ ತಳ್ಳಿ ನೆಲದ ಮೇಲಿನ ವೇಗ ಶೇಕಡಾ 10 ಹೆಚ್ಚಾದರೆ? ನಿಲ್ಲುವ ದೂರ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುವುದರಿಂದ 1,210 ಆಗುತ್ತದೆ. 291 ಸೇರಿ 1,501. ಇದೂ ನಿಂತಿತು. ಎರಡೂ ಒಟ್ಟಿಗೆ ಆದರೆ 582 ಕೂಡಿಸು 1,210, ಅಂದರೆ 1,792. ರನ್‌ವೇ ಮುಗಿದು 177 ಮೀಟರ್ ಆಚೆ. ಗುಡ್ಡದ ತಲೆಯ ಮೇಲೆ ಆ 177 ಮೀಟರ್ ಇರುವುದೇ ಇಲ್ಲ.

ಒಂದೊಂದೇ ತಪ್ಪು ಬೇರೆ ಬೇರೆ ದಿನ ಆದರೆ ಎರಡು ದಿನವೂ ವಿಮಾನ ನಿಲ್ಲುತ್ತದೆ, ಪೈಲಟ್‌ಗೆ ಧೈರ್ಯ ಬರುತ್ತದೆ. ಮತ್ತೆ ವಾಲ್ಡ್.

ನೀರು ನಿಂತ ರನ್‌ವೇಯಲ್ಲಿ ಇನ್ನೊಂದು ಕಾಟ ಇದೆ. ಚಕ್ರ ನೀರಿನ ಪದರದ ಮೇಲೆ ತೇಲಿಬಿಡುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ನಾಸಾದವರು ಕಂಡುಕೊಂಡ ಸೂತ್ರ ಸರಳ: ಟೈರ್ ಒತ್ತಡವನ್ನು ಪಿಎಸ್‌ಐನಲ್ಲಿ ತಗೊಂಡು ವರ್ಗಮೂಲ ತೆಗೆದು 9ರಿಂದ ಗುಣಿಸಿದರೆ ತೇಲಲು ಶುರುವಾಗುವ ವೇಗ ನಾಟ್‌ನಲ್ಲಿ ಸಿಗುತ್ತದೆ. 81 ಪಿಎಸ್‌ಐ ಟೈರಿಗೆ 81 ನಾಟ್, ಗಂಟೆಗೆ 150 ಕಿಲೋಮೀಟರ್. ರನ್‌ವೇಗೆ ಅಡ್ಡ ಗೀರು ಕೊರೆಯುವುದು, ನಡುವೆ ಎತ್ತರಿಸಿ ಎರಡೂ ಬದಿಗೆ ಇಳಿಜಾರು ಕೊಡುವುದು ಇದಕ್ಕೇ. ಸಿವಿಲ್‌ನವರ ಕೆಲಸ ಕಾಣದಂತೆ ಜೀವ ಉಳಿಸುವ ಜಾಗ ಇದು.

ಹಳೆಯ ಕಾಲದ ಮಾತಾಯಿತು, ಈಗ ಹಾಗಿಲ್ಲ ಅನ್ನಬಹುದು. 2020ರ ಆಗಸ್ಟ್ 7ರ ರಾತ್ರಿ ಕೋಯಿಕ್ಕೋಡ್‌ನಲ್ಲಿ ಎಲ್ಲ ಉಪಕರಣ ಇದ್ದ ಬೋಯಿಂಗ್ 737 ಮಳೆಯಲ್ಲಿ ಇಳಿಯಿತು. ದುಬೈನಿಂದ ಬಂದದ್ದು, ಒಳಗೆ 190 ಜನ. ಮೊದಲ ಪ್ರಯತ್ನದಲ್ಲಿ ಕ್ಯಾಪ್ಟನ್ ಕಡೆಯ ವೈಪರ್ ನಿಂತುಹೋಯಿತು, ಗೋ ಅರೌಂಡ್ ಮಾಡಿದರು. ಎರಡನೇ ಸಲ ರನ್‌ವೇಯ ಇನ್ನೊಂದು ತುದಿಯಿಂದ, ಹಿಂದಿನಿಂದ ಗಾಳಿ ತಳ್ಳುತ್ತಿರುವಾಗ ಬಂದರು. 8,858 ಅಡಿ ಉದ್ದದ ರನ್‌ವೇಯಲ್ಲಿ ಚಕ್ರ ನೆಲ ಮುಟ್ಟಿದ್ದು 4,438 ಅಡಿ ದಾಟಿದ ಮೇಲೆ. ಸಹ ಪೈಲಟ್ 'ಗೋ ಅರೌಂಡ್' ಅಂದರೂ ಇಳಿಯುವುದು ಮುಂದುವರಿಯಿತು ಅಂತ ತನಿಖಾ ವರದಿ ಹೇಳುತ್ತದೆ. ವಿಮಾನ ತುದಿ ದಾಟಿ ಇಳಿಜಾರಿಗೆ ಬಿತ್ತು. ಇಬ್ಬರು ಪೈಲಟ್‌ಗಳೂ ಸೇರಿ 21 ಜನ ಸತ್ತರು. ಮರುದಿನ ಬೆಳಿಗ್ಗೆ ಅಲ್ಲಿಂದಲೇ ಇನ್ನೊಂದು ವಿಮಾನ ಹಾರಿಸಬೇಕಿದ್ದ ಒತ್ತಡವನ್ನೂ ವರದಿ ಗುರುತಿಸಿದೆ. ಸಮಯಕ್ಕೆ ಸರಿಯಾಗಿ ಅನ್ನುವ ಆ 1933ರ ಹೊಗಳಿಕೆಗೂ ಈ ಒತ್ತಡಕ್ಕೂ ಏನು ಸಂಬಂಧ ಅಂತ ನಮ್ಮ ಮೂರನೇ ಸಭೆ ಪೂರ್ತಿ ಜಗಳ ಆಡಿದ್ದೇವೆ. ಅರ್ಧ ಜನ ಕಂಪನಿಯ ಟೈಮ್‌ಟೇಬಲ್ ಅಂದರು, ಅರ್ಧ ಜನ ವೈಪರಿನ ಮೋಟರ್ ಅಂದರು. ವರದಿಯಲ್ಲಿ ಎರಡೂ ಇವೆ.

ನಮ್ಮ ಕಲಬುರಗಿಗೂ 2019ರ ನವೆಂಬರಿನಲ್ಲಿ ನಿಲ್ದಾಣ ಬಂತು, ರನ್‌ವೇ ಮೂರು ಕಿಲೋಮೀಟರಿಗಿಂತ ಉದ್ದ, ಸುತ್ತ ಬಯಲು. ಮೇಲಿನ ಲೆಕ್ಕದ ಕಾಲ್ಪನಿಕ ವಿಮಾನವನ್ನು ಅಲ್ಲಿಗೆ ತನ್ನಿ: 1,792 ಮೀಟರ್ ಬೇಕಾದರೂ ನಿಶ್ಚಿಂತೆಯಿಂದ ನಿಲ್ಲುತ್ತದೆ. ಓದುಗರಿಗೆ ಕೆಲಸ ಒಂದೇ. ಆ ಲೆಕ್ಕಕ್ಕೆ ಟೈರ್ ತೇಲುವುದನ್ನೂ ಸೇರಿಸಿ: 81 ನಾಟ್ ಮೇಲಿರುವಾಗ ಬ್ರೇಕ್ ಬಲ ನಾಲ್ಕನೇ ಒಂದಕ್ಕೆ ಇಳಿಯುತ್ತದೆ, ನೆಲ ಮುಟ್ಟುವಾಗಿನ ವೇಗ 120 ನಾಟ್ ಅಂತ ಇಟ್ಟುಕೊಳ್ಳಿ, ಗಾಳಿಯ ತಡೆ ಬಿಟ್ಟುಬಿಡಿ. ಎಷ್ಟು ಅಡಿ ಎತ್ತರದಲ್ಲಿ ಅಂಚು ದಾಟಿದರೆ 1,615 ಮೀಟರಿನಲ್ಲಿ ನಿಲ್ಲಬಹುದು, ಕಲಬುರಗಿಯಲ್ಲಿ ಎಷ್ಟು? ಕೈಯಲ್ಲಿ ಮಾಡಿ, ಪೈಥಾನ್‌ನಲ್ಲಾದರೂ ಬರೆಯಿರಿ. ಬಿಡಿಸಿದವರ ಹೆಸರು ಮತ್ತು ಬ್ರಾಂಚು ಮುಂದಿನ ಸಂಚಿಕೆಯಲ್ಲಿ.